ಏಳು ಪಾಲಾದ ಮೂವತ್ತು ಮಾತ್ರೆ

2010ರ ಜನವರಿ 11, ಸೋಮವಾರ. ಆ ದಿನ ಡೈರಿಯಲ್ಲಿ ಬರೆದದ್ದು ಒಂದೇ ಸಾಲು: "ಬಂದವರು ಒಂಬತ್ತು, ಗಂಡಸರು ಏಳು, ಹೊಸಬರು ಮೂವರು, ನೀಲಿ ಪೆಟ್ಟಿಗೆ ಒಂದು." ಆ ಒಂದು ನೀಲಿ ಪೆಟ್ಟಿಗೆಯ ಹಿಂದೆ ನಾನು ಡಿಸೆಂಬರ್ ತನಕ ಅಲೆದೆ.

ಕುಂದಾಪುರದ ಒಂದು ಆಸ್ಪತ್ರೆಯಲ್ಲಿ ಲೈಂಗಿಕ ಸೋಂಕುಗಳ ವಿಭಾಗಕ್ಕೆ ನಾನು ಆಪ್ತ ಸಮಾಲೋಚಕ. ವಯಸ್ಸು ಇಪ್ಪತ್ತಾರು. ಬಂದವರ ಮಾತು ಕೇಳುವುದು, ಫಾರ್ಮು ತುಂಬುವುದು, ವೈದ್ಯರು ಬರೆದ ಔಷಧಿಯನ್ನು ಹೇಗೆ ತೆಗೆದುಕೊಳ್ಳಬೇಕೆಂದು ತಿಳಿಸುವುದು, ಹೆಂಡತಿಯನ್ನೂ ಕರೆತರಲು ಒಪ್ಪಿಸುವುದು ನನ್ನ ಕೆಲಸ. ಸಾಲಿಗ್ರಾಮದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದೆ. ಮನೆಯಲ್ಲಿ ಅಮ್ಮ ನೆಂಟರ ಮುಂದೆ "ಅವ ಚರ್ಮದ ವಿಭಾಗದಂಗ್ ಕೆಲ್ಸಕ್ ಇದ್ದ" ಎಂದು ಹೇಳಿ ಬೇರೆ ಮಾತು ತೆಗೆಯುತ್ತಿದ್ದರು. ನನ್ನ ಕೋಣೆ ಎಕ್ಸ್‌ರೇ ಕೋಣೆಯ ಪಕ್ಕದಲ್ಲಿತ್ತು, ಬಾಗಿಲಿಗೆ ಹಸಿರು ಪರದೆ. ಗಂಡಸರು ಎಕ್ಸ್‌ರೇಗೆ ಬಂದವರಂತೆ ಎದೆ ಹಿಡಿದುಕೊಂಡು ಸಾಲಿನಲ್ಲಿ ನಿಂತು, ಯಾರೂ ನೋಡದ ಹೊತ್ತಿನಲ್ಲಿ ಪರದೆ ಸರಿಸಿ ಒಳಗೆ ಬಂದುಬಿಡುತ್ತಿದ್ದರು.

ಆ ಸೋಮವಾರ ಹಾಗೆ ಬಂದವನು ಟ್ರಾಲ್ ಬೋಟಿನಲ್ಲಿ ಬಲೆ ಎಳೆಯುವ ಕೆಲಸದವನು. ಹೊಳೆಯಾಚೆಯ ಬಂದರಿನವನು, ಇಪ್ಪತ್ತೆಂಟು ವರ್ಷ, ಮದುವೆಯಾಗಿ ಎರಡು ವರ್ಷ. ಗುಪ್ತಾಂಗದ ಮೇಲೆ ಒಂದು ಹುಣ್ಣು.

"ನೋವಿತ್ತಾ?"

"ಇಲ್ಲೆ ಸರ್. ನೋವಿದ್ದಿದ್ರೆ ಮುಂಚೆಯೇ ಬತ್ತಿದ್ದೆ."

"ಎಷ್ಟ್ ದಿನ ಆಯ್ತ್?"

"ಒಂದ್ ಟ್ರಿಪ್ ಆಯ್ತ್."

ಬೋಟಿನವರಿಗೆ ಹತ್ತು ದಿನವೆಂದರೆ ಒಂದು ಟ್ರಿಪ್. ನಾನು ಫಾರ್ಮಿನಲ್ಲಿ "ಹತ್ತು ದಿನ" ಎಂದು ಬರೆದುಕೊಂಡೆ. ಮುಂದಿನ ಪ್ರಶ್ನೆ ಅಚ್ಚಾದಂತೆಯೇ ಓದಿದೆ: ಕಳೆದ ಮೂರು ತಿಂಗಳಲ್ಲಿ ಎಷ್ಟು ಮಂದಿ ಸಂಗಾತಿಗಳು? ಆತ ಸ್ವಲ್ಪ ಯೋಚಿಸಿ, "ತಂಡೇಲ್ರನ್ನೂ ಸೇರ್ಸಿ ಏಳ್ ಜನ" ಎಂದ. ತಂಡೇಲ ಎಂದರೆ ಬೋಟು ನಡೆಸುವ ಯಜಮಾನ.

"ಬೋಟಿನವ್ರಲ್ಲ ಮಾರಾಯ್ರೆ. ಹೆಂಗ್ಸ್ರ ವಿಷ್ಯ ಕೇಂಬುದ್."

ಆತ ಪರದೆಯ ಕಡೆ ನೋಡಿದ. ಆಮೇಲೆ ಸ್ವರ ತಗ್ಗಿಸಿ ಹೇಳಿದ. ಡಿಸೆಂಬರ್ ಮೊದಲಿಗೆ ಎಂಜಿನ್ ಕೈಕೊಟ್ಟು ಬೋಟು ಉತ್ತರದ ಒಂದು ಬಂದರಿನಲ್ಲಿ ಎರಡು ದಿನ ನಿಂತಿತ್ತು. ಕುಡಿದಿದ್ದರು. ಅಲ್ಲಿ ಒಂದು ಮನೆಗೆ ಹೋಗಿದ್ದರು.

"ಕಾಂಡೋಮ್?"

"ಕಿಸೆಯಂಗ್ ಇದ್ದಿತ್ ಸರ್. ತಲಿಯಂಗ್ ಇರ್ಲಿಲ್ಲೆ."

ಒಂದು ವರ್ಷದ ಕೆಲಸದಲ್ಲಿ ಈ ಉತ್ತರವನ್ನು ಬೇರೆ ಬೇರೆ ಮಾತುಗಳಲ್ಲಿ ಎಷ್ಟೋ ಬಾರಿ ಕೇಳಿದ್ದೆ. ಮನೆಯಿಂದ ದೂರ ವಾರಗಟ್ಟಲೆ ಇರುವ ಕೆಲಸ, ಕುಡಿತ, ಜೊತೆಯವರು ಹೊರಟರು ಎಂದು ತಾನೂ ಹೊರಡುವುದು. ಹುಣ್ಣೋ ಕೀವೋ ಕಾಣಿಸಿದ ಮೇಲೆ ಮೆಡಿಕಲ್ ಶಾಪಿನಲ್ಲಿ ಕೇಳಿ ಎರಡು ಮಾತ್ರೆ ನುಂಗುವುದು. ನೋವಿಲ್ಲದಿದ್ದರೆ ರೋಗವೂ ಇಲ್ಲವೆಂದು ತಿಳಿಯುವುದು. ತಾನು ಗುಣವಾದರೂ ಹೆಂಡತಿಯನ್ನು ಕರೆತಾರದೆ ಅವಳಿಂದ ಮತ್ತೆ ಅದೇ ರೋಗ ಪಡೆಯುವುದು. ಫಾರ್ಮಿನಲ್ಲಿ ಇವಕ್ಕೆಲ್ಲ ಒಂದೊಂದು ಚೌಕವಿತ್ತು. ಸರಿ ಗುರುತು ಹಾಕುತ್ತ ಹೋಗುತ್ತಿದ್ದೆ.

ವೈದ್ಯರು ಪರೀಕ್ಷಿಸಿ ಸಿಫಿಲಿಸ್ ಇರಬಹುದೆಂದರು. ಅದರ ಹುಣ್ಣು ನೋಯುವುದಿಲ್ಲ, ಔಷಧಿ ಮಾಡದಿದ್ದರೂ ಕೆಲವು ವಾರಗಳಲ್ಲಿ ತಾನಾಗಿ ಮಾಯುತ್ತದೆ; ರೋಗ ಮಾತ್ರ ರಕ್ತಕ್ಕೆ ಇಳಿದಿರುತ್ತದೆ. ಅದಕ್ಕೆ ಮೊದಲ ಮದ್ದು ಪೆನಿಸಿಲಿನ್ ಇಂಜೆಕ್ಷನ್. ಕೊಡುವ ಮೊದಲು ಒಂದು ಪ್ರಶ್ನೆ ಕೇಳಲೇಬೇಕು, ಕೇಳಿದೆ: ಹಿಂದೆ ಯಾವಾಗಲಾದರೂ ಪೆನಿಸಿಲಿನ್‌ನಿಂದ ತೊಂದರೆ ಆಗಿತ್ತೇ?

"ಸಣ್ಣ ಇಪ್ಪತಿಗೆ ಒಂದ್ಸಲ ಆ ಸೂಜಿ ಅಂದ್ಹೇಳಿ ಕರ್ಕಂಡ್ ಹೋಗಿದ್ರ್. ಕಣ್ಣ್ ಕತ್ಲಿ ಬಂದ್ ಬಿದ್ದೆ."

ಚಿಕ್ಕಂದಿನ ಆ ಮಾತು ಕೇಳಿ ನಾನು ಫಾರ್ಮಿನಲ್ಲಿ "ಪೆನಿಸಿಲಿನ್ ಅಲರ್ಜಿ" ಎಂದು ಬರೆದು ಕೆಳಗೆ ಗೆರೆ ಎಳೆದೆ. ಅಲರ್ಜಿ ಇದ್ದವರಿಗೆ ನೀಲಿ ಪೆಟ್ಟಿಗೆ. ಅದರಲ್ಲಿ ಒಂದೇ ಸಲಕ್ಕೆ ನುಂಗುವ ಒಂದು ಮಾತ್ರೆ, ಜೊತೆಗೆ ದಿನಕ್ಕೆ ಎರಡರಂತೆ ಹದಿನೈದು ದಿನ ತಿನ್ನುವ ಮೂವತ್ತು. ಮೊದಲನೆಯದನ್ನು ನನ್ನ ಎದುರೇ ನುಂಗಿಸಿದೆ. ಮೂವತ್ತನ್ನು ಎಣಿಸಿ ಕೈಗೆ ಕೊಟ್ಟೆ. ರಕ್ತ ತೆಗೆಸಿದೆ. ಎಚ್‌ಐವಿ ಪರೀಕ್ಷೆಯೂ ಆಯಿತು, ಅದು ಇಲ್ಲವೆಂದು ಬಂತು.

"ಹೆಂಡ್ತಿನ್ನ ಯಾವಾಗ ಕರ್ಕಂಡ್ ಬತ್ರಿ?"

"ಅವ್ಳಿಗ್ ನಾಕ್ ತಿಂಗ್ಳ್ ಸರ್."

ಬರೆಯುತ್ತಿದ್ದವನು ನಿಲ್ಲಿಸಿದೆ. ಡಿಸೆಂಬರಿನ ನಂತರ ಮನೆಗೆ ಹೋಗಿದ್ದಿರಾ ಎಂದು ಕೇಳಿದೆ. ಹೋಗಿದ್ದ. ಹಾಗಾದರೆ ಅವಳಿಗೂ ಬಂದಿರಬಹುದು, ಅವಳಿಂದ ಹೊಟ್ಟೆಯ ಮಗುವಿಗೂ ಹೋಗಬಹುದು ಎಂದು ವಿವರಿಸಿದೆ. ಮಗು ಹೊಟ್ಟೆಯಲ್ಲೇ ಸಾಯಬಹುದು, ಹುಟ್ಟಿದರೂ ಮೂಳೆಗೆ, ಕಣ್ಣಿಗೆ ತೊಂದರೆ ಬರಬಹುದು. ಹೆಂಡತಿಯ ಹೆಸರಿಗೆ ಒಂದು ಚೀಟಿ ಬರೆದು ಕೊಟ್ಟೆ.

"ಅವ್ಳ್ ಹತ್ರ ಎಂತ ಹೇಳುದ್?"

"ಇದ್ದದ್ದನ್ನೇ ಹೇಳಿ."

ಆತ ನನ್ನನ್ನೇ ನೋಡಿದ. "ನಿಮ್ಗ್ ಮದಿ ಆಯಿಲ್ಲೆ ಅಲ್ದಾ ಸರ್?" ಎಂದ. ಚೀಟಿ ಮಡಚಿ ಕಿಸೆಗೆ ಹಾಕಿಕೊಂಡು ಹೊರಟ.

ಎರಡು ದಿನದ ನಂತರ ರಕ್ತದ ವರದಿ ಬಂತು: ಒಂದಕ್ಕೆ ಮೂವತ್ತೆರಡು. ರಕ್ತದ ತಿಳಿಯನ್ನು ಮೂವತ್ತೆರಡು ಪಟ್ಟು ತೆಳುಮಾಡಿದರೂ ರೋಗದ ಕುರುಹು ಸಿಗುತ್ತದೆ ಎಂದರ್ಥ. ಮದ್ದು ಹಿಡಿದರೆ ತಿಂಗಳುಗಳಲ್ಲಿ ಆ ಸಂಖ್ಯೆ ಇಳಿಯುತ್ತ ಹೋಗಬೇಕು.

ಜನವರಿ 29ರಂದು ಆತ ಬಂದ. ಹುಣ್ಣು ವಾಸಿಯಾಗಿತ್ತು. ಹೆಂಡತಿ ತವರಿಗೆ, ಉಪ್ಪುಂದದ ಕಡೆ, ಹೋಗಿದ್ದಾಳೆ ಎಂದ. ಮುಂದಿನ ಸಲ ಕರೆತರುತ್ತೇನೆ ಎಂದ. ನಾನು ರಿಜಿಸ್ಟರಿನಲ್ಲಿ "ಚಿಕಿತ್ಸೆ ಪೂರ್ಣ" ಎಂಬಲ್ಲಿ ಗುರುತು ಹಾಕಿದೆ. ಫೆಬ್ರವರಿಯಲ್ಲಿ ಎರಡು ಸಲ, ಮಾರ್ಚಿನಲ್ಲಿ ಮೂರು ಸಲ ಫೋನು ಮಾಡಿದೆ. ಐದರಲ್ಲಿ ಮೂರು ಸಲ ಆತ ಸಮುದ್ರದಲ್ಲಿದ್ದ. ಎರಡು ಸಲ ಎತ್ತಿಕೊಂಡು "ಬತ್ತೆ ಸರ್, ಬತ್ತೆ" ಎಂದ.

ಏಪ್ರಿಲ್ 12, ಮೂರು ತಿಂಗಳ ರಕ್ತಪರೀಕ್ಷೆಯ ದಿನ. ಆತ ಒಬ್ಬನೇ ಬಂದ. ಮಧ್ಯಾಹ್ನ ಬೋಟು ಹೊರಡುವುದಿತ್ತು.

"ಮಾತ್ರೆ ಪೂರ್ತಿ ಮುಗಿಸಿದ್ದೀರಲ್ಲ?" ಎಂದು ವೈದ್ಯರು ಕೇಳಿದರು.

"ಒಂದೂ ಉಳ್ದಿಲ್ಲೆ ಡಾಕ್ಟ್ರೆ."

ಮರುದಿನ ವರದಿ ಬಂತು: ಒಂದಕ್ಕೆ ಅರುವತ್ತನಾಲ್ಕು. ಇಳಿಯಬೇಕಾದದ್ದು ಏರಿತ್ತು. ವೈದ್ಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಮತ್ತೆ ಎಲ್ಲೋ ಹೋಗಿದ್ದಾನೆ. ಅಥವಾ ಹೆಂಡತಿಯಿಂದ ವಾಪಸ್ ಬಂದಿದೆ" ಎಂದರು. ನಾನೂ ಹಾಗೆಯೇ ಬರೆದುಕೊಂಡೆ. ಬೋಟು ಇಪ್ಪತ್ತಾರಕ್ಕೆ ಮೊದಲು ದಡಕ್ಕೆ ಬರುವಂತಿರಲಿಲ್ಲ. ಈ ಸಲ ಟ್ರಿಪ್ ಉದ್ದ.

ಕಾರಣ ಗೊತ್ತಾದದ್ದು ಏಪ್ರಿಲ್ 16, ಶುಕ್ರವಾರ. ಅದೇ ಬೋಟಿನ ಇನ್ನೊಬ್ಬ ಬಂದ. ಮೂತ್ರ ಹೊಯ್ಯುವಾಗ ಉರಿ, ಕೀವು. ಅದಕ್ಕಾಗಿಯೇ ಈ ಟ್ರಿಪ್ಪಿಗೆ ಹೋಗದೆ ಉಳಿದಿದ್ದ. ಈ ಮೊದಲು ಏನಾದರೂ ಔಷಧಿ ತೆಗೆದುಕೊಂಡಿದ್ದೀರಾ ಎಂದು ಫಾರ್ಮಿನ ಏಳನೇ ಪ್ರಶ್ನೆ ಕೇಳಿದೆ.

"ನೀವ್ ಕೊಟ್ಟದ್ದೇ ಸರ್. ಜನವರಿಯಂಗೆ."

"ನಾನ್ ನಿಮ್ಮನ್ನ ಕಾಂಬುದೇ ಇವತ್ತ್ ಮೊದ್ಲ್."

"ನಮ್ಮ ಬೋಟಿಗ್ ಕೊಟ್ರಲೆ, ನೀಲಿ ಪೆಟ್ಟಿಗಿ. ನನ್ ಪಾಲಿಗ್ ನಾಕ್ ಬಂದಿತ್."

ಪೆನ್ನು ಕೆಳಗಿಟ್ಟೆ. ಆತ ನನ್ನ ಮುಖ ನೋಡಿ, ಏನೋ ಕಡಿಮೆ ಹೇಳಿದೆನೆಂದು ತಿಳಿದು, ವಿವರವಾಗಿ ಲೆಕ್ಕ ಒಪ್ಪಿಸಿದ. ಏಳು ಜನಕ್ಕೆ ನಾಲ್ಕು ನಾಲ್ಕು, ಇಪ್ಪತ್ತೆಂಟು. ಉಳಿದ ಎರಡು ತಂಡೇಲರಿಗೆ, ಅವರಿಗೆ ಯಾವುದರಲ್ಲೂ ಪಾಲು ಸ್ವಲ್ಪ ಹೆಚ್ಚು. ಆ ಬಂದರಿಗೆ ಎಲ್ಲರೂ ಹೋಗಿದ್ದರು, ಎಲ್ಲರಿಗೂ ಹೆದರಿಕೆ ಇತ್ತು. ಆಸ್ಪತ್ರೆಗೆ ಹೋಗುವ ಧೈರ್ಯ ಮಾಡಿದವನು ಒಬ್ಬ. "ಅವ ಒಬ್ನೇ ತಿಂದ್ರೆ ಚಂದ ಆತ್ತಾ ಸರ್? ಬೋಟ್ ಹತ್ತಿದ ವಸ್ತು ಎಲ್ಲರದ್ದೂ ಅಲ್ದಾ" ಎಂದ.

ಅವನಿಗೆ ಬೂದು ಪೆಟ್ಟಿಗೆಯ ಎರಡು ಮಾತ್ರೆಗಳನ್ನು ನನ್ನ ಎದುರೇ ನುಂಗಿಸಿದೆ. ಆ ರೋಗಕ್ಕೆ ಒಂದೇ ಸಲದ ಮದ್ದು ಸಾಕು. ಹಂಚಿಕೊಳ್ಳಲು ಏನೂ ಉಳಿಯಲಿಲ್ಲ. ಅವನು ಹೋದ ಮೇಲೆ ರಿಜಿಸ್ಟರ್ ತೆಗೆದೆ. ಹೊಸ ವರ್ಷದಿಂದ ಅಲ್ಲಿಯವರೆಗೆ "ಚಿಕಿತ್ಸೆ ಪೂರ್ಣ" ಎಂದು ನಾನು ಗುರುತು ಹಾಕಿದ್ದು ಮೂವತ್ತೊಂದು ಜನಕ್ಕೆ. ಅವರಲ್ಲಿ ಮಾತ್ರೆಗಳನ್ನು ಮನೆಗೆ ಒಯ್ದವರು ಹದಿನಾಲ್ಕು. ಆ ಹದಿನಾಲ್ಕು ಜನ ಅದನ್ನು ತಿಂದರೆಂದು ನನಗೆ ಹೇಗೆ ಗೊತ್ತು? ಕೊಟ್ಟದ್ದನ್ನು ಎಣಿಸಿದ್ದೆ, ಅಷ್ಟೇ. ಒಂದೂ ಉಳಿದಿಲ್ಲ ಎಂದ ಆ ಮನುಷ್ಯ ಸುಳ್ಳು ಹೇಳಿರಲಿಲ್ಲ. ಯಾರು ತಿಂದರು ಎಂದು ನಾನು ಕೇಳಿರಲಿಲ್ಲ.

ವೈದ್ಯರಿಗೆ ಹೇಳಿದೆ. ಅವರು ಮೊದಲು ನಕ್ಕರು, ಆಮೇಲೆ ಸಿಟ್ಟಾದರು. "ನಾಲ್ಕು ಮಾತ್ರೆ ರೋಗವನ್ನು ಕೊಲ್ಲುವುದಿಲ್ಲ, ಅಡಗಿಸುತ್ತದೆ. ಅಷ್ಟೂ ಜನ ಗುಣವಾಯಿತೆಂದು ಮನೆಗೆ ಹೋಗಿದ್ದಾರೆ." ಆಮೇಲೆ ಕ್ಯಾಲೆಂಡರಿನ ಕಡೆ ತಿರುಗಿ, "ಹೆಂಡತಿಗೆ ಎಷ್ಟಾಯಿತು?" ಎಂದರು. ಆತ ಜನವರಿಯಲ್ಲಿ ಹೇಳಿದ್ದ ಲೆಕ್ಕದಲ್ಲಿ ಹೆರಿಗೆ ಜೂನ್ 12ರ ಸುಮಾರಿಗೆ. ಹೆರಿಗೆಗೆ ಕನಿಷ್ಠ ಮೂವತ್ತು ದಿನ ಮೊದಲು ತಾಯಿಗೆ ಪೆನಿಸಿಲಿನ್ ಬಿದ್ದರೆ ಮಾತ್ರ ಮಗುವಿಗೂ ಚಿಕಿತ್ಸೆ ತಲುಪಿತೆಂದು ಹೇಳಬಹುದು ಎಂದರು. ಅಂದರೆ ಮೇ 13. ನನ್ನ ಡೈರಿಯಲ್ಲಿ ಆ ದಿನದ ಸುತ್ತ ಒಂದು ಗೆರೆ ಎಳೆದು, ಅಲ್ಲಿಂದ ಹಿಂದಕ್ಕೆ ಎಣಿಸಿದೆ. ಇಪ್ಪತ್ತೇಳು ದಿನ ಇತ್ತು. ಅದರಲ್ಲಿ ಹತ್ತು ದಿನ ಬೋಟಿಗಾಗಿ ಕಾಯುವುದು.

ಏಪ್ರಿಲ್ 26, ಸೋಮವಾರ ಬೆಳಿಗ್ಗೆ ಬಂದರಿಗೆ ಹೋದೆ. ಹೊಳೆಯ ಆಚೆ ದಡ ಕಣ್ಣಿಗೆ ಕಾಣುವಷ್ಟು ಹತ್ತಿರ. ಬಸ್ಸು ಮಾತ್ರ ಊರೆಲ್ಲ ಸುತ್ತಿ ಹೋಗುತ್ತದೆ. ಬೋಟುಗಳು ನಿಲ್ಲುವ ದಕ್ಕೆಯಲ್ಲಿ ಬುಟ್ಟಿ ಹೊತ್ತ ಹೆಂಗಸರು, ಐಸ್ ಪುಡಿ ಮಾಡುವ ಸದ್ದು. ಮೀನು ಇಳಿಸಿ ಮುಗಿಯುವ ತನಕ ಒಂದು ಬಲೆಯ ರಾಶಿಯ ಹತ್ತಿರ ನಿಂತೆ. ಇಸ್ತ್ರಿ ಮಾಡಿದ ಅಂಗಿ ಹಾಕಿ ಬ್ಯಾಗು ಹಿಡಿದವನು ಅಲ್ಲಿ ನಾನೊಬ್ಬನೇ. ಐವತ್ತು ದಾಟಿದ ತಂಡೇಲರು ಬೋಟಿನಿಂದಲೇ ಕೂಗಿದರು:

"ಹ್ವಾಯ್! ನೀವ್ ಮೀನ್ ಕೊಂಡ್ ಹೋಪ್ಕೆ ಬಂದದ್ದಾ, ಮೀನ್ ಹಿಡಿಯರನ್ನೇ ಕೊಂಡ್ ಹೋಪ್ಕೆ ಬಂದದ್ದಾ?"

ಹಿಂದೆ ನಿಂತವರು ನಕ್ಕರು. ನಾನು ಯಾರೆಂದು ಅವರಿಗೆಲ್ಲ ಗೊತ್ತಿತ್ತು. ನಾನು ಜನವರಿಯಲ್ಲಿ ಬಂದಿದ್ದವನನ್ನು ಒಂದು ಬದಿಗೆ ಕರೆದು ಮಾತಾಡಬೇಕೆಂದುಕೊಂಡಿದ್ದೆ. ರೋಗಿಯ ವಿಷಯ ಇನ್ನೊಬ್ಬರ ಕಿವಿಗೆ ಬೀಳಬಾರದು ಎನ್ನುವುದು ನಮ್ಮ ತರಬೇತಿಯ ಮೊದಲ ಪಾಠ. ಆತ ಬಕೆಟಿನಲ್ಲಿ ಕೈ ತೊಳೆಯುತ್ತ, "ಇಲ್ಲೇ ಹೇಳಿ ಸರ್. ಇಲ್ಲಿ ಯಾರಿಗ್ ಗೊತ್ತಿಲ್ಲೆ?" ಎಂದ.

ಹಾಗಾಗಿ ಬೋಟಿನ ಮೇಲೆಯೇ, ಒದ್ದೆ ಹಲಗೆಯ ಮೇಲೆ ಕೂತು, ಎಲ್ಲರಿಗೂ ಹೇಳಿದೆ. ಒಬ್ಬನ ಮಾತ್ರೆ ಏಳು ಪಾಲಾದರೆ ಒಬ್ಬನಿಗೂ ಗುಣವಿಲ್ಲ ಎಂದೆ. ತಂಡೇಲರು ಒಪ್ಪಲಿಲ್ಲ. "ಚೂರಾದ್ರೂ ಹಿಡ್ದಿರ್ಕಲೆ? ಹುಣ್ಣ್ ಹೋಯಿತಲೆ?"

"ಹುಣ್ಣ್ ತನ್ನಷ್ಟಕ್ಕೆ ಹೋಪುದ್, ತಂಡೇಲ್ರೆ. ನಿಮ್ಮ ಬಲಿಯನ್ನ ಏಳ್ ತುಂಡ್ ಮಾಡಿ ಏಳ್ ಬೋಟಿಗ್ ಹಂಚಿ. ಯಾರಾರೂ ಮೀನ್ ಹಿಡಿತ್ರಾ?"

ತಂಡೇಲರು ಬಲೆಯ ಕಡೆ ನೋಡಿದರು. ಆಮೇಲೆ, "ಇದನ್ನ ಕೊಡುವತಿಗೇ ಹೇಳುಕ್ ಆತಿರ್ಲಿಲ್ಯಾ ನಿಮ್ಗೆ?" ಎಂದರು. ಆಗುತ್ತಿತ್ತು. ಬೋಟಿಗೆ ಹೋಗುವವನ ಕೈಗೆ ಹದಿನೈದು ದಿನದ ಮಾತ್ರೆ ಕೊಡುವಾಗ, ಅದು ಬೋಟಿಗೆ ಹೋಗುತ್ತದೆ ಎಂದು ನನಗೆ ಹೊಳೆಯಬೇಕಿತ್ತು.

ಆತನಿಗೆ ಮಾತ್ರ ಪೆನಿಸಿಲಿನ್ ಕೊಡಲಾಗದು, ಮತ್ತೆ ಮಾತ್ರೆಯೇ ಎಂದೆ. ದಿನಾ ಎರಡರಂತೆ ತಂಡೇಲರು ಎದುರು ನಿಂತು ತಿನ್ನಿಸಬೇಕು ಎಂದೆ.

"ಎಂತಕ್ ಕೊಡುಕಾಗ?" ಎಂದು ತಂಡೇಲರು ಕೇಳಿದರು.

"ಸಣ್ಣ ಇಪ್ಪತಿಗೆ ಆ ಸೂಜಿ ಚುಚ್ಚಿ ಬಿದ್ದಿದ್ರಂಬ್ರಲೆ."

ಆತ ತಲೆ ತಗ್ಗಿಸಿದ. "ಚುಚ್ಚಿ ಬಿದ್ದದ್ದಲ್ಲ ಸರ್. ಚುಚ್ಚುಕ್ ಮುಂಚೆಯೇ ಬಿದ್ದದ್ದ್. ಸೂಜಿ ಕಂಡ್."

ಬೋಟಿಗೆ ಬೋಟೇ ನಕ್ಕಿತು. ತಾಟಿ ಮೀನಿನ, ಅಂದರೆ ಶಾರ್ಕಿನ, ಬಾಯಿಯಿಂದ ಬಲೆ ಬಿಡಿಸುವವನು ಸೂಜಿಗೆ ಬೀಳುತ್ತಾನಂತೆ ಎಂದು ಒಬ್ಬ ಹೇಳಿದ. ನನಗೆ ನಗು ಬರಲಿಲ್ಲ. ಜನವರಿಯಲ್ಲಿ ಇನ್ನೊಂದೇ ಒಂದು ಪ್ರಶ್ನೆ ಕೇಳಿದ್ದರೆ, ಬಿದ್ದದ್ದು ಚುಚ್ಚುವ ಮೊದಲೋ ಆಮೇಲೋ ಎಂದು ಕೇಳಿದ್ದರೆ, ಆ ದಿನವೇ ಇಂಜೆಕ್ಷನ್ ಆಗುತ್ತಿತ್ತು. ನೀಲಿ ಪೆಟ್ಟಿಗೆ ಬೋಟಿಗೆ ಹೋಗುತ್ತಲೇ ಇರಲಿಲ್ಲ.

ಮರುದಿನ ಆರು ಜನ ಒಟ್ಟಿಗೆ ಆಸ್ಪತ್ರೆಗೆ ಬಂದರು. ಎಕ್ಸ್‌ರೇ ಸಾಲಿನಲ್ಲಿ ನಿಲ್ಲದೆ ನೇರ ಪರದೆ ಸರಿಸಿದರು. ದಡದಲ್ಲಿ ಉಳಿದಿದ್ದವನು ಎರಡು ದಿನ ಬಿಟ್ಟು ಬಂದು ರಕ್ತ ಕೊಟ್ಟ. ಏಳರಲ್ಲಿ ಮೂವರ ರಕ್ತದಲ್ಲಿ ಸಿಫಿಲಿಸ್ ಸಿಕ್ಕಿತು, ಮೂವರಿಗೂ ಪೆನಿಸಿಲಿನ್ ಆಯಿತು. ಎಚ್‌ಐವಿ ಯಾರಿಗೂ ಇರಲಿಲ್ಲ. ಮೂರು ತಿಂಗಳ ನಂತರ ಮತ್ತೊಮ್ಮೆ ನೋಡಬೇಕು ಎಂದು ಏಳು ಕಾರ್ಡುಗಳಲ್ಲಿ ಬರೆದೆ. ಸೂಜಿಗೆ ಹೆದರುವ ಆತನಿಗೆ ಸಿಸ್ಟರ್ ಮೊದಲು ಚರ್ಮದ ಕೆಳಗೆ ಒಂದು ಹನಿ ಮದ್ದು ಹಾಕಿ ಕಾದು ನೋಡಿದರು. ಏನೂ ಆಗಲಿಲ್ಲ. ಮುಖ್ಯ ಸೂಜಿ ಕಂಡಾಗ ಬೆವರಿ ಕಣ್ಣು ಮುಚ್ಚಿದ. ಮಲಗಿಸಿಯೇ ಚುಚ್ಚಿದರು. "ಕಡ್ಲಿಗ್ ಹೋಪ ಗಂಡ್ ನೋಡಿ ಇದ್" ಎಂದು ಸಿಸ್ಟರ್ ಹತ್ತಿ ಒತ್ತುತ್ತ ಹೇಳಿದರು.

ಹೊರಡುವಾಗ ಆತ ತಾನಾಗಿ ಹೇಳಿದ: "ಎರಡ್ನೇ ತಾರೀಕಿಗ್ ಭಾವನ ಮದಿ ಇತ್ತ್ ಸರ್, ಅವ್ಳ ತಮ್ಮಂದ್. ಅದೊಂದ್ ಮುಗಿಲಿ. ನಾಕನೇ ತಾರೀಕಿಗ್ ಕರ್ಕಂಡ್ ಬತ್ತೆ." ಮದುವೆ ಮನೆಯಲ್ಲಿ ಈ ಮಾತು ಬೇಡವೆನ್ನುವುದು ನನಗೂ ಸರಿ ಎನಿಸಿತು. ಒಪ್ಪಿದೆ.

ಮೇ 4ರಂದು ಸಂಜೆ ನಾಲ್ಕರ ತನಕ ಕಾದೆ. ಬರಲಿಲ್ಲ. ಫೋನು ಸಂಪರ್ಕ ವ್ಯಾಪ್ತಿಯಲ್ಲಿ ಇರಲಿಲ್ಲ. ಬೋಟು ಮೂರನೇ ತಾರೀಕಿಗೇ ಹೊರಟಿತ್ತು, ಆತನೂ ಹೋಗಿದ್ದ. ಹನ್ನೆರಡಕ್ಕೆ ಮೊದಲು ಬರುವುದಿಲ್ಲ. ಆ ದಿನ ಡೈರಿಯಲ್ಲಿ "ಉಳಿದದ್ದು ಒಂಬತ್ತು" ಎಂದು ಬರೆದೆ. ಸೆಕೆಗೆ ಕೈ ಪುಟಕ್ಕೆ ಅಂಟಿಕೊಳ್ಳುತ್ತಿತ್ತು. ಕೆಲಸ ಬಿಟ್ಟುಬಿಡಬೇಕೆಂದು ಅನಿಸಿದ್ದೂ ಅದೇ ದಿನ.

ಮರುದಿನ ವೈದ್ಯರ ಕೋಣೆಗೆ ಹೋಗಿ, "ಅವಳ ತವರಿಗೆ ನಾನೇ ಹೋಗುತ್ತೇನೆ ಸರ್" ಎಂದೆ.

"ಹೋಗಿ ಏನು ಹೇಳುತ್ತೀಯ?"

"ರಕ್ತಪರೀಕ್ಷೆ ಮಾಡಿಸಿ ಎಂದು."

"ಯಾಕೆ ಎಂದು ಕೇಳುತ್ತಾಳೆ. ನಿನ್ನ ಗಂಡನ ಫಾರ್ಮು ನನ್ನ ಕಪಾಟಿನಲ್ಲಿದೆ ಎನ್ನುತ್ತೀಯಾ? ಸುದ್ದಿ ನಾಳೆ ದಕ್ಕೆಗೆ ಬರುತ್ತದೆ. ಆಮೇಲೆ ಒಬ್ಬ ಗಂಡಸೂ ಆ ಪರದೆ ದಾಟುವುದಿಲ್ಲ."

"ಹಾಗಾದರೆ ಮಗು?"

ಸ್ಟೆರಿಲೈಸರಿನ ಹತ್ತಿರ ನಿಂತಿದ್ದ ಸಿಸ್ಟರ್ ತಿರುಗಿ ನೋಡದೆ ಹೇಳಿದರು: "ಬಸ್ರಿಯರ ಕಾರ್ಡಂಗೇ ಈ ಪರೀಕ್ಷೆ ಇತ್ತಲೆ ಡಾಕ್ಟ್ರೆ. ಎಲ್ಲರಿಗೂ ಮಾಡುದ್. ಅವ್ಳಿಗ್ ಆಯಿತಾ ಇಲ್ಯಾ, ಅದನ್ನ ಕಂಡಿರಾ?"

ನಾವಿಬ್ಬರೂ ಕಂಡಿರಲಿಲ್ಲ. ನಾನು ನಾಲ್ಕು ತಿಂಗಳಿಂದ ಅವಳನ್ನು ಒಬ್ಬ ರೋಗಿಯ ಹೆಂಡತಿ ಎಂದೇ ಎಣಿಸಿದ್ದೆ. ಅವಳು ತನ್ನಷ್ಟಕ್ಕೇ ಬಸುರಿ, ಅವಳಿಗೂ ಒಂದು ಕಾರ್ಡು ಇರುತ್ತದೆ ಎಂದು ತೋರಿರಲಿಲ್ಲ. ಅವಳ ತವರಿನ ಕಡೆಯ ಆರೋಗ್ಯ ಸಹಾಯಕಿಗೆ ಫೋನು ಮಾಡಿದೆ. ಯಾರ ಹೆಸರನ್ನೂ ಹೇಳಲಿಲ್ಲ. ಅವರ ಉಪಕೇಂದ್ರದಲ್ಲಿ ಬಸುರಿಯರ ರಕ್ತದೊತ್ತಡ, ತೂಕ ನೋಡುತ್ತಾರೆ. ಸಿಫಿಲಿಸ್ ಪರೀಕ್ಷೆಗೆ ಮಾತ್ರ ಬಸ್ಸು ಹತ್ತಿ ದೊಡ್ಡ ಆಸ್ಪತ್ರೆಗೆ ಬರಬೇಕು. ಹೆಚ್ಚಿನವರು ಬರುವುದಿಲ್ಲ. ಬಸುರಿಯರು ಸೇರುವುದು ತಿಂಗಳ ಎರಡನೇ ಗುರುವಾರ. ಅದು ಮೇ 13.

ಎಲ್ಲರ ರಕ್ತವನ್ನೂ ನಾನೇ ಬಂದು ಒಯ್ಯುತ್ತೇನೆ ಎಂದೆ. ಸಹಾಯಕಿ, "ಬನಿ, ಬನಿ. ನಾನ್ ಹೇಳಿ ಹೇಳಿ ಸಾಕಾಯ್ತ್" ಎಂದರು. ವೈದ್ಯರು ಒಪ್ಪಿ ಸಹಿ ಹಾಕಿದರು. ಒಬ್ಬಳನ್ನು ತಲುಪಲು ಇಷ್ಟು ಜನರ ರಕ್ತವೇ ಎಂದು ಒಮ್ಮೆ ಮನಸ್ಸು ಅಳುಕಿತು. ಆದರೆ ಉಳಿದವರಿಗೂ ಆ ಪರೀಕ್ಷೆ ಆಗಬೇಕಾದದ್ದೇ, ಆಗಿರಲಿಲ್ಲ. ಮೂವತ್ತು ದಿನದ ಗೆರೆ ದಾಟುತ್ತದೆ ಎನ್ನುವುದೂ ಗೊತ್ತಿತ್ತು. ಬೇರೆ ದಾರಿ ಇರಲಿಲ್ಲ.

ಆ ಗುರುವಾರ ಐಸ್ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ಬೈಂದೂರಿನ ಬಸ್ಸು ಹತ್ತಿ ಉಪ್ಪುಂದದಲ್ಲಿ ಇಳಿದೆ. ಒಂಬತ್ತು ಹೆಂಗಸರು ಬಂದಿದ್ದರು. ಸಹಾಯಕಿ ರಕ್ತ ತೆಗೆದರು, ನಾನು ಟ್ಯೂಬುಗಳಿಗೆ ಹೆಸರು ಅಂಟಿಸಿದೆ. ಆರನೆಯವಳ ಕಾರ್ಡಿನಲ್ಲಿ ಗಂಡನ ಹೆಸರು ನೋಡಿದೆ. ಇಪ್ಪತ್ತಮೂರರ ಹುಡುಗಿ, ದೊಡ್ಡ ಹೊಟ್ಟೆ, ಮದುವೆಮನೆಯ ಮೆಹೆಂದಿ ಕೈಯಲ್ಲಿ ಇನ್ನೂ ಮಾಸಿರಲಿಲ್ಲ.

"ಎಷ್ಟ್ ತೆಗಿತ್ರಿ ಹ್ವಾಯ್? ನಂಗೂ ಮಗಿಗೂ ಒಂಚೂರ್ ಬಿಡಿ" ಎಂದು ಆಕೆ ನಕ್ಕಳು. ಉಳಿದವರೂ ನಕ್ಕರು. ನಾನು ಅಂಟಿಸಿದ ಚೀಟಿಯನ್ನು ಮತ್ತೊಮ್ಮೆ ಒತ್ತಿದೆ.

ಶುಕ್ರವಾರ ವರದಿ ಬಂತು. ಎಂಟು ಜನರದ್ದು ಸರಿ ಇತ್ತು. ಆಕೆಯದ್ದು ಒಂದಕ್ಕೆ ಹದಿನಾರು.

ಸಹಾಯಕಿ ಆಕೆಗೆ ಸೋಮವಾರ ಕುಂದಾಪುರಕ್ಕೆ ಹೋಗಲು ಹೇಳಿದರು. ನಾನು ಗಂಡನಿಗೆ ಫೋನು ಮಾಡಿದೆ. ಬೋಟು ಬಂದಿತ್ತು. "ಉಪ್ಪುಂದದಂಗ್ ತೆಗ್ದ ನಿಮ್ಮ ಹೆಂಡ್ತಿ ರಕ್ತದ ರಿಪೋರ್ಟ್ ಬಂದಿತ್. ಅವ್ರದ್ದನ್ನ ಅವ್ರಿಗ್ ಹೇಳ್ತೊ. ನಿಮ್ದನ್ನ ನಾವ್ ಹೇಳುದಿಲ್ಲ, ನೀವೇ ಹೇಳ್ಕ್" ಎಂದೆ. "ಸೋಮ್ವಾರ ನಾನೂ ಬತ್ತೆ ಸರ್" ಎಂದು ಆತ ಫೋನಿಟ್ಟ.

ಮೇ 17. ಇಬ್ಬರೂ ಬಂದರು. ವೈದ್ಯರು ಆಕೆಗೆ ಆಕೆಯ ವರದಿ ವಿವರಿಸಿದರು. ಆಕೆ ಹೊರಗೆ ಬಂದು ಕಾರಿಡಾರಿನ ಬೆಂಚಿನಲ್ಲಿ ಗಂಡನ ಪಕ್ಕ ಕೂತಳು. ನಾನು ನನ್ನ ಕೋಣೆಯಲ್ಲಿ ಕಾಗದ ಜೋಡಿಸುತ್ತಿದ್ದೆ, ಮಾತು ಕೇಳಿಸಲಿಲ್ಲ. ಮಾತಾಡಿದವನು ಹೆಚ್ಚಾಗಿ ಆತನೇ. ಸ್ವಲ್ಪ ಹೊತ್ತಿನಲ್ಲಿ ಆಕೆ ಎದ್ದು, ಅವನು ಚಾಚಿದ ಕೈ ಹಿಡಿಯದೆ ಗೋಡೆ ಹಿಡಿದುಕೊಂಡು, ಒಬ್ಬಳೇ ಇಂಜೆಕ್ಷನ್ ಕೋಣೆಗೆ ಹೋದಳು. ವಾರಕ್ಕೊಂದರಂತೆ ಮೂರು ಇಂಜೆಕ್ಷನ್. ಮೂರಕ್ಕೂ ಬಂದಳು. ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ.

ಜೂನ್ 10ರಂದು ಹೆರಿಗೆಯಾಯಿತು, ಹೆಣ್ಣು. ಮೊದಲ ಇಂಜೆಕ್ಷನ್ನಿನಿಂದ ಇಪ್ಪತ್ತನಾಲ್ಕು ದಿನ. ಆರು ದಿನ ಕಡಿಮೆ. ಮಗು ನೋಡಲು ಚೆನ್ನಾಗಿಯೇ ಇತ್ತು, ಆದರೂ ಮಕ್ಕಳ ವೈದ್ಯರು ಅಪಾಯ ಬೇಡವೆಂದು ಹತ್ತು ದಿನ ಆಸ್ಪತ್ರೆಯಲ್ಲಿ ಇರಿಸಿಕೊಂಡು ಇಂಜೆಕ್ಷನ್ ಕೊಟ್ಟರು. ಆ ಹತ್ತು ದಿನ ನಾನು ವಾರ್ಡಿನ ಮೆಟ್ಟಿಲ ತನಕ ಹೋಗಿ ಸಿಸ್ಟರ್ ಹತ್ತಿರ ವಿಚಾರಿಸಿ ವಾಪಸ್ಸಾಗುತ್ತಿದ್ದೆ. ಮೂರು ತಿಂಗಳಿಗೆ ಮಗುವಿನ ರಕ್ತ ನೋಡಿದರು, ಸಂಖ್ಯೆ ಇಳಿದಿತ್ತು. ಪೂರ್ತಿ ಹೋಯಿತೆಂದು ಹೇಳಲು ಆರು ತಿಂಗಳು ಕಾಯಬೇಕೆಂದರು.

ಡಿಸೆಂಬರ್ 13, ಸೋಮವಾರ. ಪರದೆ ಸರಿಯಿತು. ಆಕೆ ಮಗುವನ್ನು ಎತ್ತಿಕೊಂಡು ಒಬ್ಬಳೇ ಬಂದಿದ್ದಳು. ಗಂಡ ಸಮುದ್ರದಲ್ಲಿದ್ದ. ನನ್ನ ಕೋಣೆಯೊಳಗೆ ಆಕೆ ಬಂದದ್ದು ಅದೇ ಮೊದಲು.

"ಕೂಕಣಿ ಅಕ್ಕಾ" ಎಂದೆ. ಕೂತಳು. ಮಗು ಮೇಜಿನ ಮೇಲಿದ್ದ ನನ್ನ ಪೆನ್ನಿಗೆ ಕೈ ಚಾಚಿತು. ವರದಿ ನನ್ನ ಹತ್ತಿರವೇ ಇತ್ತು. "ಮಗಿನ ರಕ್ತದಂಗ್ ಈಗಳ್ ಎಂತದೂ ಇಲ್ಲೆ. ಪೂರಾ ಹೋಯಿತ್" ಎಂದೆ.

ಆಕೆ ತಲೆಯಾಡಿಸಿದಳು. ನಗಲಿಲ್ಲ, ಅಳಲೂ ಇಲ್ಲ.

"ಒಂದ್ ಕೇಂತೆ. ಇವ್ರ್ ನಿಮ್ಮ ಹತ್ರ ಮೊದ್ಲ್ ಬಂದದ್ದ್ ಯಾವಾಗ?"

ಹೇಳಬಾರದಿತ್ತೇನೋ. ಆದರೆ ಆತ ಎಲ್ಲವನ್ನೂ ಹೇಳಿ ಆಗಿತ್ತು; ನನ್ನ ಬಾಯಿಂದ ಕೇಳಬೇಕೆಂದೇ ಆಕೆ ಬಂದದ್ದು. "ಜನವರಿಯಂಗೆ" ಎಂದೆ.

"ಜನವರಿಯಂಗೆ ನಂಗ್ ನಾಕ್ ತಿಂಗ್ಳ್." ಆಕೆ ಮಗುವಿನ ಕೈಯಿಂದ ಪೆನ್ನು ಬಿಡಿಸಿ ಮೇಜಿನ ಮೇಲಿಟ್ಟಳು. "ಬೋಟಿನ ಏಳ್ ಜನ್ಕೂ ಗೊತ್ತಿದ್ದಿತ್. ಡಾಕ್ಟ್ರಿಗ್ ಗೊತ್ತಿದ್ದಿತ್, ಸಿಸ್ಟರಿಗ್ ಗೊತ್ತಿದ್ದಿತ್. ನೀವ್ ಅವತ್ತ್ ಉಪ್ಪುಂದಕ್ಕ್ ಬಂದ್ ನನ್ ರಕ್ತಕ್ಕೆ ಹೆಸ್ರ್ ಅಂಟ್ಸುವತಿಗೂ ನಿಮ್ಗ್ ಗೊತ್ತಿದ್ದಿತ್. ನಾನ್ ನೆಗಾಡ್ತಾ ಕೂತಿದ್ದೆ. ಹೊಟ್ಟಿಯಂಗ್ ಹೊತ್ಕಂಡವ್ಳಿಗ್ ಒಬ್ಳಿಗೇ ಗೊತ್ತಿರ್ಲಿಲ್ಲೆ."

ಹೇಳಲು ನನ್ನಲ್ಲಿ ಉತ್ತರಗಳಿದ್ದವು. ನಿಯಮ ಇತ್ತು, ಕಾರಣ ಇತ್ತು, ನಾನು ಎಣಿಸಿದ ದಿನಗಳು ಇದ್ದವು. ನಮ್ಮಿಂದ ತಡವಾಯಿತು ಎಂದಷ್ಟೇ ಹೇಳಿದೆ.

ಆಕೆ ಅದಕ್ಕೂ ತಲೆಯಾಡಿಸಿದಳು. ಮಗುವಿನ ಟೊಪ್ಪಿ ಸರಿ ಮಾಡಿದಳು. ನಾನು ಕಾರ್ಡು ತೆಗೆದು, ಆಕೆಯದೂ ಗಂಡನದೂ ಮುಂದಿನ ರಕ್ತಪರೀಕ್ಷೆ ಯಾವಾಗ ಎಂದು ನೋಡಿದೆ. ಅಭ್ಯಾಸಬಲದಿಂದ, "ಅವ್ರ್ ದಡಕ್ಕ್ ಬಂದ್ಮೇಲೆ ಫೋನ್ ಮಾಡಿ ತಾರೀಕ್ ಹೇಳ್ತೆ" ಎಂದೆ.

ಎದ್ದು ನಿಂತಿದ್ದವಳು ಮತ್ತೆ ಕೂತಳು.

"ಅವ್ರಿಗ್ ಬ್ಯಾಡ" ಎಂದಳು. "ಇಬ್ಬರದ್ದೂ ತಾರೀಕ್ ಈಗ್ಲೇ ಹೇಳಿ. ನಂಗೇ ಹೇಳಿ."